ಒಂದೇ ಕೈಯಲ್ಲಿ ತೆರೆಯುವ ಚಾಕು

ಫೆಬ್ರವರಿ 3

ಮೊಂಡ,

ಲಕೋಟೆಯ ಮೇಲಿನ ಅಕ್ಷರ ನೋಡಿಯೂ ಇದನ್ನು ಕಸದ ಬುಟ್ಟಿಗೆ ಹಾಕದೆ ಒಡೆದಿದ್ದೀಯೆಂದರೆ ನಾನು ಅರ್ಧ ಗೆದ್ದಂತೆ. ನಾಲ್ಕು ವರ್ಷವಾಯಿತು. ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ, ಅದಕ್ಕೇ ಕೇಳುತ್ತಿಲ್ಲ.

ನೀನು ಉಪಕರಣಗಳ ಅಂಗಡಿ ಇಟ್ಟಿದ್ದೀಯೆಂದು ನಮ್ಮ ಹಳೆಯ ಕಂಪನಿಯ ಗುಮಾಸ್ತ ಹೇಳಿದ. ಸ್ಪ್ಯಾನರು, ಡ್ರಿಲ್ಲು, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೇಬುಚಾಕುಗಳು ಎಂದೆಲ್ಲ ವರ್ಣಿಸಿದ. ವಿಳಾಸವನ್ನೂ ಅವನೇ ಕೊಟ್ಟ.

ನನಗೊಂದು ಚಾಕು ಬೇಕು. ದಿನಾ ಜೇಬಿನಲ್ಲಿರುವಂಥದ್ದು. ಒಂದರೊಳಗೇ ಹತ್ತಾರು ಉಪಕರಣ ಮಡಚಿಟ್ಟಿರುತ್ತಾರಲ್ಲ, ಅಂಥದ್ದು. ಇಪ್ಪತ್ತಾರು ವರ್ಷ ಲಿಫ್ಟು ರಿಪೇರಿ ಮಾಡಿದವನ ಜೇಬು ಈಗ ಖಾಲಿ ಎಂದರೆ ನೀನು ನಗುತ್ತೀಯ. ಹಳೆಯದು ಎಲ್ಲೋ ಬಿದ್ದುಹೋಯಿತು. ಇಕ್ಕಳ ಇರಲಿ, ಅಲಗು ಇರಲಿ, ಸ್ಕ್ರೂಡ್ರೈವರ್ ದೊಡ್ಡದೊಂದು ಚಿಕ್ಕದೊಂದು ಇರಲಿ. ಇಲ್ಲಿಯ ಅಂಗಡಿಗೂ ಹೋಗಿ ನೋಡಿದೆ. ಮಾರುವವಳು ಹನ್ನೊಂದು ಬಗೆ ಮುಂದಿಟ್ಟು "ಯಾವ್ದು ಕೊಡ್ಲಿ ಸಾರ್?" ಎಂದಳು. ಎಲ್ಲವೂ ಒಂದೇ ಸಮ ಹೊಳೆಯುತ್ತಿದ್ದವು. ಬೆಪ್ಪನಂತೆ ನಿಂತು, "ಆಮೇಲೆ ಬರ್ತೀನಮ್ಮ" ಎಂದು ಹೇಳಿ ಬಂದೆ. ನಮ್ಮಿಬ್ಬರಲ್ಲಿ ಆರಿಸುವವನು ಯಾವಾಗಲೂ ನೀನು. ನಾನು ಬಳಸಿ ಹಾಳು ಮಾಡುವವನು.

ಒಂದನ್ನು ಆರಿಸಿಕೊಡು.

ಇಂತಿ,
ಕಡ್ಡಿ


ಫೆಬ್ರವರಿ 19

ಪತ್ರ ತಲುಪಿತು. ಗಿರಾಕಿ ಕೇಳಿದ್ದಕ್ಕೆ ಉತ್ತರ ಕೊಡುವುದು ಅಂಗಡಿಯವನ ಕೆಲಸ. ಅಷ್ಟಕ್ಕೆ ಬರೆಯುತ್ತಿದ್ದೇನೆ.

ಇಂಥ ಚಾಕು ಕೊಳ್ಳಲು ಬರುವವರು ಮೊದಲು ಒಳಗೆ ಎಷ್ಟು ಉಪಕರಣ ಇವೆಯೆಂದು ಎಣಿಸುತ್ತಾರೆ. ಇಪ್ಪತ್ತಿರುವುದನ್ನು ಕೊಂಡವರೂ ಬಳಸುವುದು ಮೂರನ್ನು. ಉಳಿದ ಹದಿನೇಳನ್ನು ಸುಮ್ಮನೆ ಹೊತ್ತು ತಿರುಗುತ್ತಾರೆ. ನಡುವೆ ಇಕ್ಕಳವಿದ್ದು, ಅದರ ಹಿಡಿಗಳೊಳಗೆ ಮಿಕ್ಕಿದ್ದೆಲ್ಲ ಮಡಚಿಕೊಳ್ಳುವ ಬಗೆಯೊಂದಿದೆ. ಗಟ್ಟಿ, ಆದರೆ ಜೇಬಿಗೆ ಕಲ್ಲು ಹಾಕಿಕೊಂಡಂತೆ. ಅಲಗು, ಕತ್ತರಿ, ಡಬ್ಬಿ ಕೊಯ್ಯುವ ಕೊಕ್ಕೆ ಪಕ್ಕಪಕ್ಕದಲ್ಲಿ ಮಡಚಿರುವ ತೆಳ್ಳನೆಯದು ಇನ್ನೊಂದು. ಹಗುರ. ಆದರೆ ಪ್ರತಿಯೊಂದನ್ನೂ ಉಗುರು ಸಿಕ್ಕಿಸಿ ಎಳೆಯಬೇಕು. ಒಂದೇ ಅಲಗು, ಜೊತೆಗೆ ಎರಡೋ ಮೂರೋ ಸಣ್ಣ ಸಾಮಾನು ಇರುವುದೂ ಸಿಗುತ್ತದೆ. ಹೆಬ್ಬೆರಳಿನಲ್ಲಿ ತಳ್ಳಿದರೆ ತೆರೆದು ಲಾಕ್ ಆಗಿ ನಿಲ್ಲುತ್ತದೆ.

ನಿನಗೆ ಯಾವುದು ಬೇಕೆಂದು ತಿಳಿಯಲು ಒಂದು ವಾರ ಜೇಬು ಖಾಲಿ ಬಿಡು. "ಈಗ ಚಾಕು ಇದ್ದಿದ್ದರೆ" ಎಂದು ಅನ್ನಿಸಿದಾಗಲೆಲ್ಲ ಒಂದು ಕಾಗದದಲ್ಲಿ ಗುರುತು ಹಾಕು. ಆ ಪಟ್ಟಿ ಕಳಿಸು. ಎಲ್ಲ ಗಿರಾಕಿಗಳಿಗೂ ಇದನ್ನೇ ಹೇಳುತ್ತೇನೆ. ಅರ್ಧ ಜನ ಮತ್ತೆ ಬರುವುದಿಲ್ಲ.

ಗುಮಾಸ್ತ ಹೇಳಿದ್ದು ತಪ್ಪು. ನನ್ನ ಅಂಗಡಿಯಲ್ಲಿ ಸ್ಪ್ಯಾನರ್ ಇಲ್ಲ. ನಾನು ಅದನ್ನು ಮಾರುವುದಿಲ್ಲ.

ಇಂತಿ,
ಉಪಕರಣದ ಅಂಗಡಿಯವನು


ಮಾರ್ಚ್ 8

ಮೊಂಡ,

ಮತ್ತೆ ಬರುವ ಅರ್ಧ ಜನರಲ್ಲಿ ನಾನೊಬ್ಬ. ವಾರ ಪೂರ್ತಿ ಬರೆದಿಟ್ಟಿದ್ದೇನೆ, ಪಾಠ ಒಪ್ಪಿಸುವವನಂತೆ ಒಪ್ಪಿಸುತ್ತೇನೆ.

ಸೋಮವಾರ ಹಾಲಿನ ಪ್ಯಾಕೆಟ್ಟಿನ ಮೂಲೆ. ಮಂಗಳವಾರ ಮಾತ್ರೆ ಡಬ್ಬಿಯ ಮುಚ್ಚಳ. ಒತ್ತಿ ತಿರುಗಿಸಬೇಕಾದ ಮುಚ್ಚಳ ಅದು, ಮಕ್ಕಳು ತೆರೆಯದಿರಲೆಂದು ಮಾಡಿರುವುದು. ಅದೇ ದಿನ ಶೂ ದಾರದ ಗಂಟು. ಬುಧವಾರ ಕಿತ್ತಳೆ ಹಣ್ಣಿನ ಸಿಪ್ಪೆ. ಗುರುವಾರ ಅಂಗಿಯ ಕತ್ತಿನ ಗುಂಡಿ. ಗುಂಡಿಗೆ ಚಾಕು ಏಕೆಂದು ಕೇಳಬೇಡ, ಅನ್ನಿಸಿತು, ಬರೆದೆ. ಶುಕ್ರವಾರ ಏನೂ ಇಲ್ಲ, ಯಾಕೆಂದರೆ ಅವತ್ತು ಏನನ್ನೂ ಮುಟ್ಟಲಿಲ್ಲ. ಶನಿವಾರ ಮನೆಯ ಬೀಗದಕೈ ತಿರುಗಲಿಲ್ಲ. ಬೀಗ ಹಳತಾಯಿತೆಂದು ಎಣ್ಣೆ ಬಿಟ್ಟೆ. ಆಮೇಲೆ ನಿನ್ನ ಅತ್ತಿಗೆ ಬಂದು ಎರಡೇ ಬೆರಳಲ್ಲಿ ತಿರುಗಿಸಿ ಒಳಗೆ ಹೋದಳು.

ಇಕ್ಕಳ ಬೇಡ. ಇಕ್ಕಳದ ಕೆಲಸವೇ ಇಲ್ಲ ನನಗೆ ಈಗ, ನಮ್ಮ ಕಂಪನಿ ಮುಚ್ಚಿದ ಮೇಲೆ ಹಿಡಿದ ಕೆಲಸವನ್ನೂ ಡಿಸೆಂಬರಿನಲ್ಲಿ ಬಿಟ್ಟೆ. ನೀನು ಕೊನೆಯಲ್ಲಿ ಹೇಳಿದ ಬಗೆಯೇ ಸರಿ. ಒಂದೇ ಕೈಯಲ್ಲಿ ತೆರೆಯುವಂತಿರಲಿ. ಎಡಗೈಯಲ್ಲಿ.

ಇಂತಿ,
ಕಡ್ಡಿ


ಮಾರ್ಚ್ 21

ಕಡ್ಡಿ,

ನಿನ್ನ ಪಟ್ಟಿಯನ್ನು ಮೂರು ಸಲ ಓದಿದೆ. ಇದು ಚಾಕು ಬೇಕಾದವನ ಪಟ್ಟಿ ಅಲ್ಲ.

ಲಿಫ್ಟಿನ ನೆತ್ತಿಯ ಮೇಲೆ ಕೂತು ಬಲಗೈಯೊಂದರಲ್ಲೇ ಬೋಲ್ಟು ಬಿಗಿಸುತ್ತಿದ್ದವನು ನೀನು. ಎಡಗೈಯನ್ನು ಬೀಡಿಗೆ ಮಾತ್ರ ಇಟ್ಟುಕೊಂಡಿದ್ದೆ. ನಿನ್ನ ಅಕ್ಷರ ಹಿಂದೆಯೂ ಚೆಂದವೇನೂ ಇರಲಿಲ್ಲ. ಆದರೆ ಒಂದು ಸಾಲಿಗೆ ನಾಲ್ಕೇ ಪದ ಹಿಡಿಯುವಷ್ಟು ದೊಡ್ಡದಾಗಿರಲಿಲ್ಲ. ಏನಾಗಿದೆ? ಹೇಳಲು ಇಷ್ಟವಿಲ್ಲದಿದ್ದರೆ ಬೇಡ. ಆದರೆ ಕೈ ಎಂಥದ್ದೆಂದು ತಿಳಿಯದೆ ಚಾಕು ಕೊಡುವುದು ಕಾಲು ನೋಡದೆ ಚಪ್ಪಲಿ ಕೊಟ್ಟಂತೆ.

ಒಂದನ್ನು ಕಳಿಸುತ್ತಿದ್ದೇನೆ. ಅಲಗಿನಲ್ಲಿ ದುಂಡನೆಯ ರಂಧ್ರ ಇದೆ, ಅದಕ್ಕೆ ಹೆಬ್ಬೆರಳ ತುದಿ ಇಟ್ಟು ತಳ್ಳು. ಎರಡೂ ಕೈಗೆ ಆಗುತ್ತದೆ. ಮುಚ್ಚುವಾಗ ಒಳಬದಿಯ ತೆಳು ತಗಡನ್ನು ಪಕ್ಕಕ್ಕೆ ಸರಿಸಬೇಕು. ಅಲ್ಲಿ ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ, ಹುಷಾರು.

ಮೊಂಡ


ಏಪ್ರಿಲ್ 22

ಮೊಂಡ,

ಚಾಕು ಬಂದು ತಿಂಗಳಾಗುತ್ತ ಬಂತು. ತಡವಾಗಿ ಬರೆಯುತ್ತಿದ್ದೇನೆ, ಬರೆಯಲು ಹೊತ್ತು ಹಿಡಿಯುತ್ತದೆ.

ಕಳೆದ ವರ್ಷ ಮೊದಲು ಹೋದದ್ದು ಬಲಗೈ ಹೆಬ್ಬೆರಳು. ನೋವಿಲ್ಲ, ಊತವಿಲ್ಲ, ಸುಮ್ಮನೆ ಮಾತು ಕೇಳುವುದನ್ನು ಬಿಟ್ಟಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ದಪ್ಪ ಮಾಂಸ ಇದೆಯಲ್ಲ, ಅದು ಗುಳಿ ಬಿತ್ತು. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುತ್ತಿವೆಯಂತೆ. ಡಾಕ್ಟರು ಒಳ್ಳೆಯ ಹೆಂಗಸು, ಏನನ್ನೂ ಮುಚ್ಚಿಡಲಿಲ್ಲ. "ಔಷಧಿ ಇದೆಯಾ ಅಮ್ಮಾ?" ಎಂದೆ. "ಸ್ವಲ್ಪ ನಿಧಾನ ಮಾಡೋಕೆ ಇದೆ" ಎಂದರು. ಕೈ, ಆಮೇಲೆ ಕಾಲು, ಗಂಟಲು, ಉಸಿರು. ಲಿಫ್ಟು ಮಹಡಿ ಮಹಡಿಗೂ ನಿಂತು ಇಳಿಯುತ್ತದಲ್ಲ, ಹಾಗೆ.

ನಿನ್ನ ಚಾಕು ಮೊದಲ ವಾರ ಚೆನ್ನಾಗಿ ತೆರೆಯಿತು. ಹಾಲಿನ ಪ್ಯಾಕೆಟ್ಟು ಕೊಯ್ದೆ, ಕಿತ್ತಳೆ ಸುಲಿದೆ. ಬೇಡದಿದ್ದರೂ ನಾಲ್ಕು ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿದೆ. ನಿನ್ನ ಅತ್ತಿಗೆ "ಮನೇಲಿ ಏನೂ ಉಳಿಸಲ್ವಾ?" ಎಂದು ನಕ್ಕಳು. ಎರಡನೆಯ ವಾರ ಮುಚ್ಚುವಾಗ ತಗಡು ಸರಿಯಲಿಲ್ಲ, ಅಂಗೈ ಕೊಯ್ದುಕೊಂಡೆ. ಏಳು ಹೊಲಿಗೆ.

ಆದರೂ ಇನ್ನೊಂದು ಬೇಕು. ಲಾಕ್ ಇಲ್ಲದ್ದು, ಮೆತ್ತಗಿರುವುದು. ಜೇಬಿನಲ್ಲಿ ಏನೂ ಇಲ್ಲದೆ ಹೊರಗೆ ಹೋದರೆ ಯಾರದೋ ಪ್ಯಾಂಟು ಹಾಕಿಕೊಂಡಂತೆ ಆಗುತ್ತದೆ. ಮುಂದಿನ ತಿಂಗಳಿಗೂ ಆಗುವಂಥದ್ದನ್ನು ನೋಡು.

ಕಡ್ಡಿ


ಮೇ 9

ಕಡ್ಡಿ,

ನಿನ್ನ ಪತ್ರ ಬಂದ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಯಾರೋ ಬಂದು ಮೊಳೆ ಕೇಳಿದರು, "ಇಲ್ಲ" ಎಂದೆ. ಮೊಳೆ ಅವರ ಕಣ್ಣ ಮುಂದೆಯೇ ಇತ್ತು.

ಈ ಪಾರ್ಸಲಿನಲ್ಲಿರುವುದನ್ನು ನಾನೇ ಬಿಚ್ಚಿ ಮತ್ತೆ ಜೋಡಿಸಿದ್ದೇನೆ. ಅಲಗು ಬಿಟ್ಟು ಮಿಕ್ಕಿದ್ದೆಲ್ಲ ತೆಗೆದೆ. ಒಳಗಿನ ಸ್ಪ್ರಿಂಗನ್ನು ಮೂರು ದಿನ ಸ್ವಲ್ಪ ಸ್ವಲ್ಪವೇ ಅರದಲ್ಲಿ ತಿಕ್ಕಿ ಸಡಿಲ ಮಾಡಿದೆ. ಅಲಗಿನ ಬೆನ್ನಿಗೆ ಒಂದು ಉಂಗುರ ಬೆಸೆದಿದ್ದೇನೆ, ಯಾವ ಬೆರಳನ್ನಾದರೂ ತೂರಿಸಿ ಎಳೆಯಬಹುದು. ಅಲಗಿನ ತುದಿಯನ್ನು ಮೊಂಡು ಮಾಡಿದ್ದೇನೆ. ಅಂಗಡಿಯಲ್ಲಿ ಇದನ್ನು ಮಾರಿದರೆ ನನ್ನನ್ನು ಹುಚ್ಚ ಎನ್ನುತ್ತಾರೆ.

ಇನ್ನೊಂದು ಮಾತು. ಇಷ್ಟು ದಿನ ಬರೆಯಬಾರದೆಂದು ತಡೆದಿದ್ದೆ.

ಅವತ್ತು ನಾವಿಬ್ಬರೂ ಲಿಫ್ಟಿನ ನೆತ್ತಿಯ ಮೇಲೆ, ಒಂಬತ್ತನೇ ಮಹಡಿಯ ಎತ್ತರದಲ್ಲಿದ್ದೆವು. ನಮ್ಮ ಜೊತೆ ಕೆಲಸಕ್ಕಿದ್ದ ಗುನುಗ ಲಿಫ್ಟಿನ ಕೆಳಗೆ ತಳದ ಗುಂಡಿಯಲ್ಲಿ ಗ್ರೀಸ್ ಒರೆಸುತ್ತಿದ್ದ. ಅವನ ಗುನುಗು ಮೇಲಿನವರೆಗೂ ಕೇಳುತ್ತಿತ್ತು. ನಾನು ಬಾಗಿಲ ಕಡೆಗೆ ತಿರುಗಿ ಕೆಲಸ ಮಾಡುತ್ತಿದ್ದೆ. ಕಬ್ಬಿಣ ಗೋಡೆಗೆ ಎರಡು ಸಲ ತಾಗಿದ ಸದ್ದು ಕೇಳಿತು, ಆಮೇಲೆ ಗುನುಗು ನಿಂತಿತು. ಕಂಪನಿಯ ವಿಚಾರಣೆಯಲ್ಲಿ ನೀನು, "ಮೊಂಡ ಸ್ಪ್ಯಾನರ್ ಅಂಚಿನ ತೊಲೆ ಮೇಲಿಟ್ಟಿದ್ದ, ದಾರ ಕಟ್ಟಿರ್ಲಿಲ್ಲ" ಎಂದೆ. ನನಗೆ ಅಲ್ಲಿಟ್ಟ ನೆನಪೇ ಇರಲಿಲ್ಲ. ಆದರೆ ಇಟ್ಟಿಲ್ಲ ಎಂಬ ನೆನಪೂ ಇರಲಿಲ್ಲ. ನೀನು ಕಂಡಿದ್ದೀಯೆಂದ ಮೇಲೆ ಇಟ್ಟಿರಲೇಬೇಕು. ತಪ್ಪು ನನ್ನದೆಂಬ ಹೇಳಿಕೆಗೆ ಸಹಿ ಹಾಕಿದೆ. ಅವತ್ತಿಂದ ನನ್ನ ಕೈಯ ಮೇಲೆ ನನಗೆ ನಂಬಿಕೆ ಇಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬಂದು ನೋಡುತ್ತೇನೆ.

ನಿನ್ನ ಮೇಲೆ ಸಿಟ್ಟಿತ್ತು. ಗೆಳೆಯನಾಗಿ ನನ್ನನ್ನು ಉಳಿಸಲು ಒಂದು ಸುಳ್ಳು ಹೇಳಬಹುದಿತ್ತಲ್ಲ ಎಂದು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಒಬ್ಬ ಮನುಷ್ಯ ಸತ್ತಿದ್ದ. ನೀನು ಕಂಡದ್ದನ್ನು ಹೇಳಿದೆ. ಆ ಸಿಟ್ಟನ್ನು ಇವತ್ತಿಗೆ ಬಿಟ್ಟಿದ್ದೇನೆ, ನೀನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನಿನ್ನ,
ಮೊಂಡ


ಜುಲೈ 2

ಮೊಂಡ,

ಈ ಅಕ್ಷರ ನನ್ನದಲ್ಲ, ನಿನ್ನ ಅತ್ತಿಗೆಯದು. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ನಾಲಿಗೆ ದಪ್ಪವಾಗಿದೆ, ನನ್ನ ಮಾತು ಈಗ ಅವಳೊಬ್ಬಳಿಗೇ ತಿಳಿಯುವುದು. ಅದಕ್ಕೇ ಎರಡು ತಿಂಗಳು ಸುಮ್ಮನಿದ್ದೆ. ನಿನಗೆ ಹೇಳಬೇಕೆಂದರೆ ಮೊದಲು ಇವಳಿಗೆ ಹೇಳಬೇಕಿತ್ತು.

ಸ್ಪ್ಯಾನರ್ ನನ್ನ ಕೈಯಲ್ಲಿತ್ತು.

ನೀನು ಅದನ್ನು ಎಲ್ಲೂ ಇಟ್ಟಿರಲಿಲ್ಲ. ಅವತ್ತು ನೀನು ಅದನ್ನು ಮುಟ್ಟಲೇ ಇಲ್ಲ. ಸ್ಪ್ಯಾನರನ್ನು ಮಣಿಕಟ್ಟಿಗೆ ಕಟ್ಟುವ ದಾರ ಅಡ್ಡ ಬರುತ್ತದೆಂದು ನಾನು ಬಿಚ್ಚಿಟ್ಟಿದ್ದೆ. ಬೋಲ್ಟು ಸಡಿಲವಾದೊಡನೆ ಕೈ ಜಾರಿತು. ನೀನು ಆಚೆ ಕಡೆ ತಿರುಗಿದ್ದೆ. ಕೆಳಗೆ ಇಳಿದು ಗುನುಗನನ್ನು ನೋಡಿ ಬರುವಷ್ಟರಲ್ಲಿ ನನಗೆ ಗೊತ್ತಾಗಿತ್ತು, ಕಂಡವರು ಯಾರೂ ಇಲ್ಲವೆಂದು. ವಿಚಾರಣೆಯಲ್ಲಿ ಅವರು ಕೇಳಿದಾಗ ಬಾಯಿಗೆ ಬಂದದ್ದು ನಿನ್ನ ಹೆಸರು. ನೀನು "ಇಲ್ಲ" ಎಂದು ಕಿರುಚುತ್ತೀಯೆಂದುಕೊಂಡಿದ್ದೆ. ಕಿರುಚಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನೀನು ಸುಮ್ಮನೆ ನನ್ನ ಮುಖ ನೋಡಿ ಸಹಿ ಹಾಕಿದೆ.

ಆಗಲೇ ಈ ಕಾಯಿಲೆ ಶುರುವಾಗಿತ್ತೇನೋ, ಕೈ ಜಾರಿದ್ದು ಅದರಿಂದಲೇ ಏನೋ ಎಂದು ಡಾಕ್ಟರನ್ನು ಕೇಳಿದೆ. ಹೂಂ ಎನ್ನಲಿ ಎಂದು ಬೇಡಿಕೊಳ್ಳುತ್ತಿದ್ದೆ. "ನಾಲ್ಕು ವರ್ಷದ ಹಿಂದೆ ಇರೋಕೆ ಸಾಧ್ಯ ಇಲ್ಲ, ಇಷ್ಟು ಬೇಗ ಹರಡ್ತಿರೋದು ನೋಡಿದ್ರೆ" ಎಂದರು. ಚೆನ್ನಾಗಿದ್ದ ಕೈಯಿಂದಲೇ ಬಿದ್ದದ್ದು.

ನನಗೆ ಬೇಕಾಗಿದ್ದದ್ದು ಚಾಕು ಅಲ್ಲ. ನಿನಗೆ ಒಂದು ಪತ್ರ ಬರೆಯಬೇಕಿತ್ತು, ಏನು ನೆಪ ಹೇಳಲಿ ಎಂದು ಯೋಚಿಸಿ ಯೋಚಿಸಿ ಅದು ಹೊಳೆಯಿತು. ಆಮೇಲೆ ನಿಜವಾಗಿಯೂ ಬೇಕು ಅನ್ನಿಸಿತು. ನೀನು ಉಂಗುರ ಬೆಸೆದು ಕಳಿಸಿದ್ದು ಹತ್ತು ದಿನ ತೆರೆಯಿತು.

ಕಡ್ಡಿ

ಅಣ್ಣಾ, ಇಲ್ಲಿಂದ ಮುಂದೆ ನನ್ನ ಮಾತು. ಇದನ್ನು ಬರೆಯುವಾಗ ಎರಡು ಸಲ ಪೆನ್ನು ಕೆಳಗಿಟ್ಟು ಹಿತ್ತಲಿಗೆ ಹೋಗಿ ಬಂದೆ. ಗುನುಗ ತೀರಿಕೊಂಡ ವಾರದಲ್ಲಿ ನೀವು ನಮ್ಮ ಮನೆಗೆ ಬಂದಿದ್ದಿರಿ. "ಇನ್ನೊಂದ್ಸಲ ಈ ಕಡೆ ಬರ್ಬೇಡಿ" ಎಂದು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದವಳು ನಾನು. ಇವರು ಒಳಗೆ ಮಂಚದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು.


ಆಗಸ್ಟ್ 25

ಕಡ್ಡಿ,

ಅತ್ತಿಗೆ, ಇದನ್ನು ಅವನಿಗೆ ಓದಿ ಹೇಳುವಾಗ ಎಲ್ಲಿಯೂ ಬಿಡಬೇಡಿ.

ನಿನ್ನ ಪತ್ರ ಓದಿದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಒಲೆ ಆರಿಸಿ ಹೊರಗೆ ಹೋಗಿದ್ದು. ಅರ್ಧ ದಾರಿಯಲ್ಲಿ ನಿಂತೆ. ಆರಿಸಿದ್ದೇನೆ ಎಂದು ನನಗೀಗ ಗೊತ್ತಿರಬೇಕಲ್ಲವೇ, ನನ್ನ ಕೈ ತಪ್ಪು ಮಾಡಿಲ್ಲ ತಾನೆ ಎಂದುಕೊಂಡೆ. ಆದರೂ ವಾಪಸು ಬಂದು ನೋಡಿದೆ. ಈಗಲೂ ಬಂದು ನೋಡುತ್ತೇನೆ.

ಕಂಪನಿಗೆ ಬರೆಯೋಣವೆಂದರೆ ಅದು ಮುಚ್ಚಿ ಎರಡು ವರ್ಷವಾಯಿತು. ವಿಚಾರಣೆ ಮಾಡಿದ ಹಿರಿಯ ಅಧಿಕಾರಿ ನಿವೃತ್ತರಾಗಿ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಉಳಿದದ್ದು ಗುನುಗನ ಹೆಂಡತಿ. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹಾಸು ಹೊದಿಕೆ ಮಡಚುವ ಕೆಲಸ ಅವಳದು. ನಾಲ್ಕು ವರ್ಷದ ಹಿಂದೆ ಕ್ಷಮೆ ಕೇಳಲು ಹೋದಾಗ ಮುಖ ತಿರುಗಿಸಿ ಒಳಗೆ ಹೋಗಿದ್ದಳು. ಈ ಸಲ ಊಟದ ಬಿಡುವಿನಲ್ಲಿ ಕಾರ್ಖಾನೆಯ ಹಿಂಬಾಗಿಲ ಬೆಂಚಿನ ಮೇಲೆ ಸಿಕ್ಕಳು. ಕೈಯೆಲ್ಲ ಹಬೆಗೆ ಕೆಂಪಾಗಿತ್ತು.

"ಆ ಸ್ಪ್ಯಾನರ್ ಬೀಳಿಸಿದ್ದು ನಾನಲ್ಲ" ಎಂದೆ.

"ಮತ್ಯಾರು?"

ಹೇಳಿದೆ.

"ಅವರೇ ಹೇಳಿದ್ರಾ?"

"ಹೂಂ. ಅವನಿಗೆ ಹುಷಾರಿಲ್ಲ. ಕೈ ಎರಡೂ ಹೋಗಿವೆ, ಮಾತೂ ಹೋಗ್ತಾ ಇದೆ. ಜಾಸ್ತಿ ದಿನ ಇಲ್ಲ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಊಟ ಅರ್ಧ ಹಾಗೇ ಇತ್ತು.

"ದಿನಾ ಬೆಳಿಗ್ಗೆ ಮುಖ ತೊಳೆಯೋವಾಗ ನಿಮ್ಮನ್ನ ಬೈತೀನಿ" ಎಂದಳು. "ನಾಲ್ಕು ವರ್ಷದಿಂದ. ಬೈದ್ಮೇಲೆ ಎದ್ದು ಕೆಲಸಕ್ಕೆ ಬರೋಕೆ ಆಗುತ್ತೆ. ಈಗ ಬಂದು ನೀವಲ್ಲ ಅಂದ್ರೆ ನಾನೇನ್ ಮಾಡ್ಲಿ? ಅವರನ್ನ ಬೈಯೋಣ ಅಂದ್ರೆ ಅವರಾಗ್ಲೇ ಸಾಯ್ತಾ ಇದಾರೆ. ಇನ್ನೊಬ್ರನ್ನ ಹಿಡಿದು ಹೊಸದಾಗಿ ಶುರು ಮಾಡೋ ಶಕ್ತಿ ನಂಗಿಲ್ಲ. ನೀವೇ ಇರಿ."

"ನಾನೇ ಇರ್ಲಾ?"

"ನೀವೇ ಇರಿ. ಕೈ ಮುಗೀತೀನಿ. ಇನ್ನೊಂದ್ಸಲ ಬಂದು ಹೇಳ್ಬೇಡಿ ಇದನ್ನ."

ಗಂಟೆ ಹೊಡೆಯಿತು, ಎದ್ದು ಹೋದಳು. ನಾನು ಒಪ್ಪಿಕೊಂಡು ಬಂದೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಈ ಏಳು ವಾರದಲ್ಲಿ ಐದಾರು ಸಲ ಕೂತಿದ್ದೇನೆ. ಸಾಯುವವನಿಗೆ ಅಷ್ಟು ಕೊಡಬಾರದೇ ಎಂದು ನನಗೆ ನಾನೇ ಬೈದುಕೊಂಡೆ. ಬರಲಿಲ್ಲ ಕಡ್ಡಿ. ಬಂದಂತೆ ಬರೆದರೆ ಇನ್ನೊಂದು ಸುಳ್ಳು ಹೇಳಿಕೆಗೆ ಸಹಿ ಹಾಕಿದಂತಾಗುತ್ತದೆ. ಸಿಟ್ಟು ಬಂದರೂ ಚೆನ್ನಾಗಿತ್ತು, ಅದೂ ಇಲ್ಲ. ನಿನ್ನ ಕೈಯ ಗುಳಿ ಬಿದ್ದ ಜಾಗ ಹೇಗಿರಬಹುದೆಂದು ನನ್ನ ಕೈಯನ್ನು ನೋಡಿಕೊಳ್ಳುತ್ತ ಕೂರುತ್ತೇನೆ.

ಇನ್ನು ಚಾಕು ಕಳಿಸುವುದಿಲ್ಲ. ಅಂಗಡಿಯಲ್ಲಿರುವುದನ್ನೆಲ್ಲ ಮತ್ತೊಮ್ಮೆ ತೆಗೆದು ನೋಡಿದೆ. ನಿನಗಾಗುವುದು ಯಾವುದೂ ಇಲ್ಲ.

ಮೊಂಡ


ಸೆಪ್ಟೆಂಬರ್ 14

ಅಣ್ಣಾ,

ನಿಮ್ಮ ಪತ್ರವನ್ನು ಒಂದಕ್ಷರ ಬಿಡದೆ ಓದಿದೆ. ಕಾರ್ಖಾನೆಯ ಬೆಂಚಿನ ಮಾತು ಬಂದಾಗ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದೆ.

ಇವರ ಮಾತು ಪೂರ್ತಿ ನಿಂತು ಹದಿನೈದು ದಿನವಾಯಿತು. ಹೌದೆಂದರೆ ಕಣ್ಣು ಮುಚ್ಚುತ್ತಾರೆ, ಇಲ್ಲವೆಂದರೆ ಸುಮ್ಮನೆ ತೆರೆದಿರುತ್ತಾರೆ. ದವಾಖಾನೆಯ ನರ್ಸು ಕಲಿಸಿಕೊಟ್ಟ ಉಪಾಯ ಅದು. "ಇನ್ನೊಂದ್ಸಲ ಓದ್ಲಾ?" ಎಂದೆ. ಮುಚ್ಚಿದರು. ಓದಿದೆ. ಮರುದಿನ ಮತ್ತೆ ಓದಿಸಿಕೊಂಡರು, ಅದರ ಮರುದಿನವೂ. "ಬರಲಿಲ್ಲ ಕಡ್ಡಿ" ಎಂಬ ಸಾಲು ಬರುವ ಮೊದಲೇ ಉಸಿರು ಬಿಗಿ ಹಿಡಿಯುತ್ತಾರೆ. ನಿನ್ನೆ ನಾನೇ ನಿಲ್ಲಿಸಿದೆ. ಪತ್ರವನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟೆ.

ನೀವು ಬರೆದದ್ದು ಸರಿ. ನಿಮ್ಮ ಮೇಲೆ ನನಗೆ ಯಾವ ಬೇಸರವೂ ಇಲ್ಲ.

ನನ್ನದೊಂದು ಮಾತು ಉಳಿದುಹೋಗಿದೆ. ನಾಲ್ಕು ವರ್ಷ ಎದುರು ಬದುರು ಕೂತು ಉಂಡಿದ್ದೇವೆ. ನಿಮ್ಮನ್ನು ನಾನು ಬೈದಾಗಲೆಲ್ಲ ತಟ್ಟೆ ನೋಡುತ್ತ ಕೂತಿರುತ್ತಿದ್ದರು. ಯಾಕೆ ಒಂದು ದಿನವೂ ನನಗೆ ಹೇಳಲಿಲ್ಲ ಎಂದು ಕೇಳಬೇಕು. ದಿನಾ ಮೂರು ಹೊತ್ತು ಚಮಚದಲ್ಲಿ ಗಂಜಿ ಕೊಡುವಾಗ ಬಾಯಿ ತುದಿಗೆ ಬರುತ್ತದೆ. ಮಾತಿದ್ದಾಗ ನಾಳೆ ಕೇಳಿದರಾಯಿತೆಂದು ದಿನ ದೂಡಿದೆ. ಅವರ ಬಳಿ ಈಗ ಉಳಿದಿರುವುದು ಹೌದು, ಇಲ್ಲ, ಎರಡೇ. ಯಾಕೆ ಎಂದು ಕೇಳಿದರೆ ಕಣ್ಣು ಮುಚ್ಚಿದರೂ ತೆರೆದಿದ್ದರೂ ನನಗೇನು ತಿಳಿದಂತಾಯಿತು?

ಹಾಗಾಗಿ ಕೇಳದೆ ಉಣ್ಣಿಸುತ್ತೇನೆ, ಬಾಯಿ ಒರೆಸುತ್ತೇನೆ. ಅವರು ನನ್ನ ಮುಖವನ್ನೇ ನೋಡುತ್ತಿರುತ್ತಾರೆ.

ಇಂತಿ,
ನಿಮ್ಮ ಅತ್ತಿಗೆ